ಪಾಲೆಮರದ ಚಡಾವಿನಲ್ಲಿ ನಿಲ್ಲದ ಬಸ್ಸು

೧೯೭೯ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಕ್ಲಾಸು ಪಾಸಾಗಿ ಎಂಟಕ್ಕೆ ಸೇರಿದ್ದೆ. ಎರಡು ತಿಂಗಳು ಹೋದೆ. ಒಂದು ದಿನ ಮಾಸ್ತರು ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಬೆಂಚಿನ ಮೇಲೆ ನಿಲ್ಲಿಸಿದರು. ಮರುದಿನದಿಂದ ಹೋಗಲಿಲ್ಲ. ಹೋಗು ಎಂದು ಮನೆಯಲ್ಲಿ ಯಾರೂ ಹೇಳಲಿಲ್ಲ, ಯಾಕೆ ಹೋಗಲಿಲ್ಲ ಎಂದು ಶಾಲೆಯಿಂದ ಯಾರೂ ಕೇಳಲಿಲ್ಲ. ಆಮೇಲೆ ಸ್ವಲ್ಪ ವರ್ಷ ಹೋಟೆಲು, ಸ್ವಲ್ಪ ವರ್ಷ ಹಂಚಿನ ಕಾರ್ಖಾನೆ. ೧೯೮೭ರಿಂದ ಬಸ್ಸು. ಮೂವತ್ತಾರು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ.

ಓದಿದ್ದು ಕಡಿಮೆ ಎಂದು ನನಗೆ ನಾಚಿಕೆ ಇಲ್ಲ. ದಿನಾ ಪೇಪರ್ ಓದಿದವ ನಾನು. ನನ್ನ ಟ್ರಿಪ್ ಶೀಟಿನಲ್ಲಿ ಗೀಟು ಹೊಡೆದು ತಿದ್ದಿದ್ದು ಒಂದು ದಿನವೂ ಇಲ್ಲ. ಜ್ವರ ಬಂದರೂ ಬೆಳಗಿನ ಮೊದಲ ಟ್ರಿಪ್ಪು ತಪ್ಪಿಸಿದವನಲ್ಲ. ಯಾವ ಬಸ್ಸಿನಿಂದ ಯಾವ ಬಸ್ಸಿಗೆ ಹೋದೆ, ಯಾರು ಹಾರ ಹಾಕಿದರು ಎಂಬುದೆಲ್ಲ ಇಲ್ಲಿ ಬೇಡ. ಈಗ ಹೊಸದಾಗಿ ಲೈನಿಗೆ ಬರುವವರಿಗೆ ಒಂದು ವಿಷಯ ಹೇಳಬೇಕು ಎಂದು ಬರೆಯುತ್ತಿದ್ದೇನೆ. ಬರೆಯದಿದ್ದರೆ ನನಗೆ ಸಮಾಧಾನ ಇಲ್ಲ. ಈಗಲೂ ಅಳಿಯನ ಕಾರಿನಲ್ಲಿ ಕೂತು ಚಡಾವು ಹತ್ತುವಾಗ ನನ್ನ ಎರಡೂ ಕಾಲು ತಮ್ಮಷ್ಟಕ್ಕೆ ನೆಲವನ್ನು ಒತ್ತುತ್ತವೆ. ಅಳಿಯ ನಗುತ್ತಾನೆ. ನನಗೆ ನಗು ಬರುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಮಾತಾಡುವುದು ತುಳು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲಿ ಬರೆದಿದ್ದೇನೆ. ಬೈಗುಳಗಳನ್ನು ಬಿಟ್ಟಿದ್ದೇನೆ, ಅವಕ್ಕೆ ಕನ್ನಡದಲ್ಲಿ ಆ ರುಚಿ ಬರುವುದಿಲ್ಲ.

ಟಿಕೆಟ್ ಕೊಡುವುದನ್ನು ಯಾರಾದರೂ ಎರಡು ದಿನದಲ್ಲಿ ಕಲಿಯುತ್ತಾರೆ. ಕಷ್ಟ ಇರುವುದು ಜನರ ಸಿಟ್ಟಿನ ನಡುವೆ ನಿಂತುಕೊಳ್ಳುವುದರಲ್ಲಿ. ಕೂತವರಿಗೆ ನಿಂತವರ ಮೇಲೆ ಸಿಟ್ಟು, ಒಳಗಿದ್ದವರಿಗೆ ಹತ್ತುವವರ ಮೇಲೆ ಸಿಟ್ಟು, ಎಲ್ಲರಿಗೂ ಸೇರಿ ಕಂಡಕ್ಟರನ ಮೇಲೆ ಸಿಟ್ಟು. ಆ ಸಿಟ್ಟಿಗೆ ನಾನು ಮೊದಲಿನ ವರ್ಷಗಳಲ್ಲಿ ದೊಡ್ಡ ಸ್ವರದಿಂದಲೇ ಉತ್ತರ ಕೊಡುತ್ತಿದ್ದೆ. ನನ್ನ ಸ್ವರ ಜೋರಿತ್ತು, ಅದರ ಬಗ್ಗೆ ಹೆಮ್ಮೆಯೂ ಇತ್ತು.

ಆಗ ಮಂಗಳೂರು ಲೈನಿನಲ್ಲಿದ್ದೆ. ಫರಂಗಿಪೇಟೆಯಲ್ಲಿ ಬೆಳಿಗ್ಗೆ ಎಂಟೂಕಾಲಕ್ಕೆ ಒಬ್ಬರು ಹತ್ತುತ್ತಿದ್ದರು. ಐವತ್ತರ ಪ್ರಾಯ, ಲುಂಗಿ, ಬಿಳಿ ಅಂಗಿ, ಯಾವುದೋ ಅಂಗಡಿಯಲ್ಲಿ ಲೆಕ್ಕ ಬರೆಯುವವರಂತೆ ಇದ್ದರು. ಹಿಂದಿನ ಬಾಗಿಲಿನ ಹತ್ತಿರವೇ ನಿಲ್ಲುವುದು. ಎಷ್ಟು ಹೇಳಿದರೂ ಮುಂದೆ ಹೋಗುವುದಿಲ್ಲ. ಬಾಗಿಲಿನಲ್ಲಿ ಒಬ್ಬ ನಿಂತರೆ ಹತ್ತು ಜನ ಹೊರಗೆ ಉಳಿಯುತ್ತಾರೆ. ನಾಲ್ಕು ದಿನ ಹೇಳಿದೆ. ಐದನೇ ದಿನ ಎಲ್ಲರಿಗೂ ಕೇಳುವ ಹಾಗೆ, “ಈ ಬಾಗಿಲನ್ನು ನಿಮ್ಮ ಅಪ್ಪ ಬರೆದು ಕೊಟ್ಟಿದ್ದಾರಾ?” ಎಂದು ಹೇಳಿ ಹೆಗಲಿನಿಂದ ದೂಡಿದೆ. ಅವರು ಪಕ್ಕದ ಸೀಟಿನ ಮೇಲೆ ಬಿದ್ದರು. ಲುಂಗಿ ಸರಿಯಿತು. ಒಳಗೆ ಕಾಲಿಗೆ ಕಟ್ಟಿದ ಪ್ಲಾಸ್ಟಿಕ್ ಚೀಲ, ಅದಕ್ಕೊಂದು ಕೊಳವೆ. ಮೂತ್ರದ ಆಪರೇಷನ್ ಆದವರಿಗೆ ಹಾಕುವಂಥದ್ದು. ಜನರ ಮಧ್ಯ ಹೋದರೆ ಕೊಳವೆ ಎಳೆಯುತ್ತದೆ ಎಂದು ಅವರು ಬಾಗಿಲಿನ ಮೂಲೆ ಹಿಡಿದು ನಿಲ್ಲುತ್ತಿದ್ದದ್ದು.

ಅವರು ಲುಂಗಿ ಸರಿ ಮಾಡಿಕೊಂಡು ಎದ್ದು ನಿಂತರು. ಸಿಟ್ಟು ಮಾಡಲಿಲ್ಲ. “ಕೇಳಿದ್ರೆ ಹೇಳ್ತಿದ್ದೆ” ಎಂದರು, ಅಷ್ಟೇ. ಮುಂದಿನ ಸ್ಟಾಪಿನಲ್ಲಿ ಇಳಿದುಹೋದರು. ಮತ್ತೆ ನನ್ನ ಬಸ್ಸಿಗೆ ಹತ್ತಲಿಲ್ಲ.

ಅವತ್ತಿನಿಂದ ನಾನು ಬದಲಾದೆ ಎಂದು ಬರೆದರೆ ಚಂದ ಕಾಣುತ್ತದೆ, ಆದರೆ ಅದು ಸುಳ್ಳು. ಒಂದು ವಾರ ಊಟ ಸೇರಲಿಲ್ಲ. ಆಮೇಲೆ ಪುನಃ ಅದೇ ಸ್ವರ. ಹೆಗಲು ಮಾತ್ರ ಉಪಯೋಗಿಸುತ್ತಿರಲಿಲ್ಲ.

ಸ್ವಲ್ಪವಾದರೂ ಕಲಿತದ್ದಿದ್ದರೆ ಅದು ಶೀನಣ್ಣನಿಂದ. ಶೀನಣ್ಣ ಮೂಡುಬಿದಿರೆ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್. ಖಾಸಗಿ ಬಸ್ಸುಗಳಿಗೆ ಒಂದೊಂದಕ್ಕೂ ಒಂದೊಂದು ನಿಮಿಷ ಬರೆದಿರುತ್ತದೆ. ಮೊದಲು ಹೋಗಬೇಕಾದ ಬಸ್ಸು ಮೂರು ನಿಮಿಷ ತಡ ಮಾಡಿ ಬಂದರೆ ತನ್ನ ನಂತರದ ಬಸ್ಸಿನ ಜನರನ್ನೆಲ್ಲ ಬಾಚಿಕೊಂಡು ಹೋಗುತ್ತದೆ. ಹಾಗಾಗಿ ಸ್ಟ್ಯಾಂಡಿನಲ್ಲಿ ದಿನಾ ಇಬ್ಬರು ಕಂಡಕ್ಟರುಗಳು ಒಬ್ಬರ ಅಂಗಿ ಒಬ್ಬರು ಹಿಡಿದಿರುತ್ತಿದ್ದರು. ಬೇರೆ ಟೈಮ್ ಕೀಪರುಗಳು ಬೊಬ್ಬೆ ಹಾಕಿ ಬಿಡಿಸುತ್ತಿದ್ದರು. ಶೀನಣ್ಣ ಹಾಗೆ ಮಾಡುತ್ತಿರಲಿಲ್ಲ. ಎಲೆ ಅಡಿಕೆ ಜಗಿಯುತ್ತ, ಪುಸ್ತಕ ಮುಚ್ಚಿ, ಒಂದೇ ಪ್ರಶ್ನೆ ಕೇಳುತ್ತಿದ್ದ: “ಎಲ್ಲಿ ತಡ ಆಯ್ತು?”

ಒಮ್ಮೆ ನಾನು ಕೇಳಿದೆ, “ಶೀನಣ್ಣ, ಯಾಕೆ ತಡ ಆಯ್ತು ಅಂತ ನೀವು ಕೇಳುದೇ ಇಲ್ಲವಲ್ಲ?”

“ಯಾಕೆ ಅಂತ ಕೇಳಿದ್ರೆ ಮನುಷ್ಯ ನೆವ ಹುಡುಕ್ತಾನೆ ಮಾರಾಯ. ಕಳ್ಳನನ್ನು ಕೇಳಿದ ಹಾಗೆ ಆಗ್ತದೆ. ಎಲ್ಲಿ ಅಂತ ಕೇಳು, ಅವ ರಸ್ತೆಯನ್ನು ನೆನಪು ಮಾಡ್ತಾನೆ. ನೆನಪು ಮಾಡುವಾಗ ಸಿಟ್ಟು ಮಾಡ್ಲಿಕ್ಕೆ ಆಗುದಿಲ್ಲ. ನೀನು ಬೇಕಾದ್ರೆ ಮನೆಯಲ್ಲಿ ನೋಡು.”

ಮನೆಯಲ್ಲಿ ನೋಡಿದೆ. ಹೆಂಡತಿ ಎರಡು ದಿನದಿಂದ ಮುಖ ಊದಿಸಿದ್ದಳು. “ಎಲ್ಲಿ ನಾನು ತಪ್ಪಿದ್ದು?” ಎಂದು ಕೇಳಿದೆ. “ಎಲ್ಲಿಂದ ಶುರು ಮಾಡ್ಲಿ?” ಎಂದಳು. ಅದನ್ನು ಶೀನಣ್ಣನಿಗೆ ಹೇಳಿದಾಗ ಅವ ನಕ್ಕು ನಕ್ಕು ಎಲೆ ಅಡಿಕೆ ಉಗಿಯಲು ಎದ್ದುಹೋದ. ಆದರೆ ಅವತ್ತು ಅವಳು ಮಾತಾಡಿದ್ದು ಹೌದು. ಅರ್ಧ ಗಂಟೆ ಮಾತಾಡಿದಳು.

ಇನ್ನು ಮುಖ್ಯ ವಿಷಯ. ಇದು ಸುಮಾರು ಹತ್ತು ವರ್ಷದ ಹಿಂದಿನದು. ಆಗ ನಾನು ಬಿ.ಸಿ.ರೋಡಿನಿಂದ ಬಂಟ್ವಾಳ ಪೇಟೆ, ವಾಮದಪದವು, ವೇಣೂರು ಆಗಿ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿದ್ದೆ. ಮೂರು ತಾಲೂಕು ದಾಟುವ ದಾರಿ, ದಿನಕ್ಕೆ ಆರು ಸಿಂಗಲ್, ಎಂದರೆ ಒಂದು ಕಡೆಯ ಓಟ ಆರು. ಡ್ರೈವರ್ ಗಿರಿಯಪ್ಪಣ್ಣ, ನಾನು ಗಿರಿಯಣ್ಣ ಎನ್ನುತ್ತಿದ್ದೆ. ನನಗಿಂತ ಆರು ವರ್ಷಕ್ಕೆ ದೊಡ್ಡವರು. ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ಇದ್ದೆವು. ಹೆಂಡತಿಯ ಜೊತೆ ಇದ್ದದ್ದಕ್ಕಿಂತ ಹೆಚ್ಚು ಹೊತ್ತು ಅವರ ಜೊತೆ ಇದ್ದೆ. ಊಟ ಒಂದೇ ಮೇಜಿನಲ್ಲಿ. ಡ್ರೈವರ್ ಕೂತ ಮೇಲೆ ಕಂಡಕ್ಟರ್ ಕೂರುವುದು ನಮ್ಮ ಲೈನಿನ ಕ್ರಮ. ಅವರಿಗೆ ಮೀನಿನ ತಲೆ, ನನಗೆ ಬಾಲ. ಅದು ಹೋಟೆಲಿನವರಿಗೂ ಗೊತ್ತಿತ್ತು.

ವಾಮದಪದವಿನಿಂದ ಮುಂದೆ ಒಂದು ಚಡಾವು ಉಂಟು. ಬಸ್ಸು ಮೂಗು ಮೇಲೆ ಮಾಡಿ ಏರುವ ಜಾಗ. ಅದರ ನಡು ಮಧ್ಯದಲ್ಲಿ ಪಾಲೆಮರದ ಸ್ಟಾಪು. ಅಲ್ಲಿ ಬೀಡಿ ಕಟ್ಟುವ ಲಲಿತಕ್ಕ ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟು, ಎಲೆಯ ಕಟ್ಟು ಹಿಡಿದುಕೊಂಡು ಇಳಿಯುತ್ತಿದ್ದಳು. ಅವಳ ಜೊತೆ ಇನ್ನೂ ನಾಲ್ಕೈದು ಜನ. ಒಂದು ದಿನ ನಾನು ವಿಸಿಲ್ ಹಾಕಿದೆ. ಬಸ್ಸು ನಿಲ್ಲಲಿಲ್ಲ. ಚಡಾವು ಪೂರ್ತಿ ಹತ್ತಿ, ಸಮ ಜಾಗ ಬಂದ ಮೇಲೆ ನಿಂತಿತು. ಕೇಳಲಿಲ್ಲವೋ ಏನೋ ಎಂದುಕೊಂಡೆ. ಮರುದಿನವೂ ಹಾಗೇ. ಮೂರನೇ ದಿನವೂ.

“ಸಂಜೀವಣ್ಣ, ನಿಮ್ಮ ಬಸ್ಸು ಈಗ ಎಕ್ಸ್‌ಪ್ರೆಸ್ಸಾ?” ಲಲಿತಕ್ಕ ಶುರು ಮಾಡಿದಳು. “ಹೇಳಿದ್ರೆ ನಾವು ಹಾರ್ಲಿಕ್ಕೆ ಕಲಿತೇವೆ.”

ಬಸ್ಸಿಡೀ ನಕ್ಕಿತು. ನನಗೆ ಮುಖ ಸುಟ್ಟ ಹಾಗಾಯಿತು. ಜೋರಾಗಿ ಮುಂದಕ್ಕೆ ಹೇಳಿದೆ, “ಗಿರಿಯಣ್ಣ, ಸ್ಟಾಪು ಕಾಣುದಿಲ್ವಾ? ಕಣ್ಣಿಗೆ ಕನ್ನಡಕ ತರ್ಬೇಕಾ?”

ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ಏನೂ ಹೇಳಲಿಲ್ಲ. ಅಲ್ಲಿಂದ ಐದು ತಿಂಗಳು ಏನೂ ಹೇಳಲಿಲ್ಲ.

ಐದು ತಿಂಗಳು. ಒಂದು ಬಸ್ಸು, ಅರವತ್ತು ಜನ, ಡ್ರೈವರಿಗೂ ಕಂಡಕ್ಟರಿಗೂ ಮಾತಿಲ್ಲ. ಒಂದು ವಿಸಿಲ್ ಹಾಕಿದರೆ ನಿಲ್ಲುವುದು, ಎರಡು ಹಾಕಿದರೆ ಹೊರಡುವುದು. ಅಷ್ಟರಲ್ಲೇ ನಡೆಯಿತು. ಪಾಲೆಮರದಲ್ಲಿ ಮಾತ್ರ ವಿಸಿಲ್ ಹಾಕಿದರೂ ಮೇಲೆ ಹೋಗಿಯೇ ನಿಲ್ಲುವುದು. ಹೋಟೆಲಿನಲ್ಲಿ ಬೇರೆ ಬೇರೆ ಮೇಜು. ಬಡಿಸುವವ ಮೀನು ಹಿಡಿದುಕೊಂಡು ಮಧ್ಯದಲ್ಲಿ ನಿಂತು, “ತಲೆ ಎಲ್ಲಿಗೆ?” ಎಂದು ಕೇಳಿದ. ಇಬ್ಬರೂ ತಟ್ಟೆ ನೋಡಿದೆವು. ಶೀನಣ್ಣ, “ಎಂತ, ನಿಮ್ಮದು ಡೈವೋರ್ಸ್ ಆಯ್ತಾ? ಬಸ್ಸು ಯಾರ ಪಾಲಿಗೆ?” ಎಂದು ತಮಾಷೆ ಮಾಡಿದ. ಅವನ “ಎಲ್ಲಿ” ಎಂಬ ಪ್ರಶ್ನೆ ನನಗೆ ಬಾಯಿಪಾಠ ಇತ್ತು. ಆದರೆ ನಾನೇ ಹೋಗಿ ಕೇಳುವುದಾ? ತಪ್ಪು ಅವರದ್ದು. ಸ್ಟಾಪಿನಲ್ಲಿ ನಿಲ್ಲಿಸದವರು ಅವರು, ಬೈಗುಳ ತಿಂದವ ನಾನು. ಅವರೇ ಬರಲಿ ಎಂದು ಕೂತೆ.

ಹೊರಗಿನಿಂದ ಇದು ಮಕ್ಕಳ ಆಟದ ಹಾಗೆ ಕಾಣುತ್ತದೆ. ಒಳಗಿದ್ದವನಿಗೆ ಹಾಗಿಲ್ಲ. ನಮ್ಮ ದಾರಿಯಲ್ಲಿ ಎದುರು ಬಸ್ಸು ಬಂದರೆ ಯಾರಾದರೊಬ್ಬರು ಹಿಂದೆ ಹೋಗಬೇಕು. ಕಂಡಕ್ಟರ್ ಇಳಿದು, ಹಿಂದೆ ನಿಂತು, ಬಸ್ಸಿನ ತಗಡಿಗೆ ತಟ್ಟಿ, “ಬರ್ಲಿ, ಬರ್ಲಿ” ಎಂದು, ನಿಲ್ಲಬೇಕಾದಲ್ಲಿ “ಹೋಲ್ಡಾನ್” ಎಂದು ಹೇಳಬೇಕು. ಡ್ರೈವರಿಗೆ ಹಿಂದೆ ಕಣ್ಣು ಅವನೇ. ನಾನು ವಿಸಿಲ್ ಮಾತ್ರ ಹಾಕುತ್ತಿದ್ದೆ. ನನ್ನ ವಿಸಿಲನ್ನು ಅವರು ನಂಬುತ್ತಾರಾ? ಬೇಕೆಂದೇ ಅರ್ಧ ಸೆಕೆಂಡು ತಡ ಮಾಡಿದರೆ? ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಾರದ ಯೋಚನೆಗಳು ಪ್ರತಿ ತಿರುವಿನಲ್ಲಿ ಬರಲು ಶುರುವಾದವು.

ಹೆದರಿದ್ದದ್ದು ಒಂದು ಮಧ್ಯಾಹ್ನ ಆಗಿಯೇ ಹೋಯಿತು. ಪಾಲೆಮರದ ಚಡಾವಿನಲ್ಲಿ ಕೆಂಪು ಕಲ್ಲು ತುಂಬಿದ ಒಂದು ಟಿಪ್ಪರ್ ಹಾಳಾಗಿ ನಿಂತಿತ್ತು. ಎದುರಿನಿಂದ ಜೀಪು. ನಮ್ಮ ಬಸ್ಸು ಚಡಾವಿನ ನಡುವೆ ನಿಲ್ಲಲೇಬೇಕಾಯಿತು. ಜೀಪು ದಾಟಿತು, ನಾನು ಎರಡು ವಿಸಿಲ್ ಹಾಕಿದೆ. ಬಸ್ಸು ಮುಂದೆ ಹೋಗಲಿಲ್ಲ. ಹಿಂದೆ ಬಂತು. ಒಂದು ಮಾರು. ಎರಡು ಮಾರು.

ನಾನು ಹಿಂದಿನ ಬಾಗಿಲಿನಲ್ಲಿದ್ದೆ. ಹಿಂದೆ ಒಂದು ಸ್ಕೂಟರ್. ಹೆಂಗಸು, ಅವಳ ಮುಂದೆ ನಿಂತ ಚಿಕ್ಕ ಹೆಣ್ಣುಮಗು, ಕೈಯಲ್ಲಿ ಬಲೂನೋ ಏನೋ. ಹೆಂಗಸಿಗೆ ಹಿಂದೆ ಸರಿಯಲು ಕಾಲು ಊರಲಿಕ್ಕೂ ಆಗುತ್ತಿರಲಿಲ್ಲ. ನಾನು ತಗಡಿಗೆ ಬಡಿದೆ, ವಿಸಿಲ್ ಹಾಕಿದೆ, ಐದು ತಿಂಗಳ ನಂತರ ಮೊದಲ ಸಲ ಅವರ ಹೆಸರು ಕೂಗಿದೆ. ಹ್ಯಾಂಡ್ ಬ್ರೇಕ್ ಎಳೆದ ಸದ್ದು ಕೇಳಿತು. ಬಸ್ಸು ನಿಂತಿತು. ಬಂಪರಿಗೂ ಸ್ಕೂಟರಿನ ಚಕ್ರಕ್ಕೂ ಮಧ್ಯ ನನ್ನ ಒಂದು ಗೇಣು ಜಾಗ ಇತ್ತು. ಆಮೇಲೆ ಗೇಣು ಹಾಕಿ ನೋಡಿದೆ, ಅದಕ್ಕೆ ಗೊತ್ತು.

ಹೆಂಗಸು ಅಳುತ್ತಿದ್ದಳು. ಮಗು ಅಳುತ್ತಿರಲಿಲ್ಲ, ಬಸ್ಸಿನ ಹಿಂದಿನ ಗಾಜನ್ನೇ ನೋಡುತ್ತಿತ್ತು. ನಾಲ್ಕು ಜನ ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಟ್ಟರು. ಬಸ್ಸು ಹೇಗೋ ಎದ್ದು ಚಡಾವು ಹತ್ತಿತು. ಬಸ್ಸಿನೊಳಗೆ ಎಲ್ಲರೂ ಗಿರಿಯಣ್ಣನಿಗೆ ಬೈದರು. ನನ್ನ ಬಾಯಿಯೂ ತೆರೆದಿತ್ತು. ಮುಂದೆ ಹೋದೆ. ಅವರ ಮುಖ ನೋಡಿದೆ. ಸಿಟ್ಟಿನ ಮುಖ ಇರಬಹುದು, ಅಹಂಕಾರದ ಮುಖ ಇರಬಹುದು ಎಂದು ಹೋದದ್ದು. ಅದು ನನ್ನದೇ ಮುಖ. ನನ್ನ ಹಾಗೆಯೇ ಹೆದರಿದ್ದರು. ಬಾಯಿ ಮುಚ್ಚಿಕೊಂಡು ಹಿಂದೆ ಬಂದೆ.

ಮೂಡುಬಿದಿರೆ ತಲುಪುವವರೆಗೆ ನನ್ನ ತಲೆಯೊಳಗೆ ಒಂದೇ ವಿಷಯ. ಐದು ತಿಂಗಳು ಈ ಮನುಷ್ಯನ ಬಗ್ಗೆ ನಾನು ಎಣಿಸಿದ್ದೆಲ್ಲ ನಾನೇ ಮಾಡಿದ ಕತೆ. ಒಂದು ಅಕ್ಷರವೂ ಅವರ ಬಾಯಿಂದ ಬಂದದ್ದಲ್ಲ.

ಸ್ಟ್ಯಾಂಡಿನಲ್ಲಿ ಇಪ್ಪತ್ತು ನಿಮಿಷ ಬಿಡುವು. ಜನ ಇಳಿದರು. ಗಿರಿಯಣ್ಣ ಸೀಟಿನಿಂದ ಏಳಲಿಲ್ಲ. ನಾನು ಹೋಗಿ ಇಂಜಿನಿನ ಬಾನೆಟ್ಟಿನ ಮೇಲೆ, ಅವರ ಪಕ್ಕದಲ್ಲಿ ಕೂತೆ. ಕಂಡಕ್ಟರ್ ಅಲ್ಲಿ ಕೂರುವುದಿಲ್ಲ. ಬಿಸಿ ಇತ್ತು. ಸಣ್ಣ ಸ್ವರದಲ್ಲಿ ಕೇಳಿದೆ. ಎಷ್ಟು ಜೋರು ಸ್ವರದವ ನಾನು!

“ಗಿರಿಯಣ್ಣ, ನಾನು ಬೈಲಿಕ್ಕೆ ಬಂದದ್ದಲ್ಲ. ನನಗೆ ಗೊತ್ತಿಲ್ಲ, ಅದಕ್ಕೆ ಕೇಳುದು. ಪಾಲೆಮರದ ಚಡಾವಿನಲ್ಲಿ ಬಸ್ಸು ನಿಂತ್ರೆ, ಹೊರಡುವಾಗ ಎಲ್ಲಿ ಕಷ್ಟ ಆಗ್ತದೆ?”

ಅವರು ಸ್ಟೇರಿಂಗ್ ಹಿಡಿದುಕೊಂಡೇ ಇದ್ದರು. ನಾನು ಕಾದೆ. ನಾಲ್ಕು ಸಲ ಬಾಯಿವರೆಗೆ ಬಂದ ಮಾತನ್ನು ನುಂಗಿದೆ. ಅಷ್ಟು ಕಷ್ಟದ ಕೆಲಸ ನಾನು ಬಸ್ಸಿನಲ್ಲಿ ಬೇರೆ ಮಾಡಿಲ್ಲ.

“ಇಲ್ಲಿ” ಎಂದರು ಕೊನೆಗೆ. ಎಡ ಮೊಣಕಾಲು ತೋರಿಸಿದರು.

ಚಡಾವಿನಲ್ಲಿ ನಿಂತ ಬಸ್ಸನ್ನು ಎಬ್ಬಿಸಬೇಕಾದರೆ ಎಡಗಾಲಿನಿಂದ ಕ್ಲಚ್ಚು ಪೂರ್ತಿ ತುಳಿದು, ಅರ್ಧ ಬಿಟ್ಟು, ಅಲ್ಲೇ ಹಿಡಿಯಬೇಕು. ಆ ಹಿಡಿತದಲ್ಲಿ ಬಲಗಾಲು ಬ್ರೇಕಿನಿಂದ ಆಕ್ಸಿಲೇಟರಿಗೆ ಹೋಗುತ್ತದೆ. ಎಡಗಾಲು ನಡುಗಿದರೆ ಇಂಜಿನ್ ಬಂದ್ ಬೀಳುತ್ತದೆ ಅಥವಾ ಬಸ್ಸು ಹಿಂದೆ ಜಾರುತ್ತದೆ. ಅವರ ಮೊಣಕಾಲು ಒಂದು ವರ್ಷದಿಂದ ಹಿಡಿತ ಬಿಡುತ್ತ ಬಂದಿತ್ತು. ಸಮ ರಸ್ತೆಯಲ್ಲಿ ಹೇಗೋ ಆಗುತ್ತದೆ. ಚಡಾವಿನಲ್ಲಿ ಆಗುವುದಿಲ್ಲ. ಅದಕ್ಕೇ ಪಾಲೆಮರದಲ್ಲಿ ನಿಲ್ಲಿಸದೆ ಮೇಲೆ ಹೋಗಿ ನಿಲ್ಲಿಸುತ್ತಿದ್ದದ್ದು.

“ನನಗೆ ಹೇಳ್ಬಹುದಿತ್ತಲ್ಲ?”

“ನಿನಗಾ? ನೀನು ಧಣಿಗಳ ಮನೆಗೆ ಹೋದದ್ದು ನಾನು ನೋಡ್ಲಿಲ್ಲ ಅಂತ ಎಣಿಸಿದಿಯಾ? ಕನ್ನಡಕದ ಮಾತು ಹೇಳಿದ ಮರುದಿನ. ಆದಿತ್ಯವಾರ.”

ಧಣಿಗಳು ಎಂದರೆ ನಮ್ಮ ಬಸ್ಸಿನ ಯಜಮಾನರು, ಮೂಡುಬಿದಿರೆಯ ಹಳೆಯ ಜೈನ ಮನೆತನದವರು. ನಾನು ಹೋದದ್ದು ಹೌದು.

“ನಾನು ಹೋದದ್ದು ರಜೆ ಕೇಳ್ಲಿಕ್ಕೆ. ಮಗಳ ನಿಶ್ಚಿತಾರ್ಥಕ್ಕೆ ಎರಡು ದಿನ ರಜೆ.”

“ನಾನು ಕಾಲಿನ ವಿಷಯ ಹೇಳ್ಲಿಕ್ಕೆ ಅಂತ ಎಣಿಸಿದೆ.”

“ಕಾಲಿನ ವಿಷಯ ನನಗೆ ಗೊತ್ತಿದ್ರಲ್ವಾ ಹೇಳುದು!”

ನನಗೆ ಗೊತ್ತೇ ಇಲ್ಲದ ವಿಷಯವನ್ನು ನಾನು ಹೇಳಿಬಿಟ್ಟೆ ಎಂದು ಅವರು ಐದು ತಿಂಗಳು ಹೆದರಿದ್ದರು.

“ಮಗಳ ನಿಶ್ಚಿತಾರ್ಥ ಆಗಿಹೋಯ್ತಾ?” ಎಂದು ಕೇಳಿದರು. “ನನ್ನನ್ನು ಕರೀಲಿಲ್ಲ ನೀನು.”

“ನೀವು ಮಾತಾಡ್ತಿರ್ಲಿಲ್ಲವಲ್ಲ.”

“ನೀನು ಮಾತಾಡ್ತಿದ್ದಿಯಾ?”

ಆದರೂ ನನಗೆ ಸಮಾಧಾನ ಇರಲಿಲ್ಲ. ಜಗಳ ಮುಗಿಯಿತು ಎಂದು ಎದ್ದು ಚಹಾ ಕುಡಿಯಬಹುದಿತ್ತು. ನನಗೆ ಆ ಸ್ಕೂಟರಿನ ಮಗು ಕಾಣುತ್ತಿತ್ತು. ಗೊತ್ತಿಲ್ಲದಾಗ ಸಿಟ್ಟೊಂದೇ ಇತ್ತು. ಗೊತ್ತಾದ ಮೇಲೆ ಭಾರ ಬಂತು. ಈಗ ನಾನು ಸುಮ್ಮನಿದ್ದರೆ, ನಾಳೆ ಆ ಗೇಣು ಜಾಗ ಇಲ್ಲದೆ ಹೋದರೆ, ಅದರಲ್ಲಿ ನನ್ನ ಪಾಲೂ ಉಂಟು.

“ಧಣಿಗಳಿಗೆ ಹೇಳ್ಬೇಕು ಗಿರಿಯಣ್ಣ.”

“ಹೇಳಿದ್ರೆ ನಾಳೆಯಿಂದ ನಾನು ಮನೆಯಲ್ಲಿ. ಮೂವತ್ತು ವರ್ಷ ಓಡಿಸಿದ್ದೇನೆ ಸಂಜೀವ. ನನಗೆ ಬೇರೆ ಏನು ಬರ್ತದೆ? ಆರು ತಿಂಗಳು ಸುಮ್ಮನಿರು. ಎಣ್ಣೆ ಹಚ್ತಾ ಇದ್ದೇನೆ. ಸರಿಯಾಗ್ತದೆ.”

ಬೇಡ ಎಂದು ಕೂಡಲೇ ಹೇಳಲು ಹೊರಟೆ. ಹೇಳಿದ್ದರೆ ಪುನಃ ಐದು ತಿಂಗಳು. ಹಾಗಾಗಿ ಕೇಳಿದೆ: “ನಿಮಗೆ ಹೆದರಿಕೆ ಆಗುದಿಲ್ವಾ?”

ಅವರು ಕೀ ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು. “ಪ್ರತಿ ಸಿಂಗಲ್‌ನಲ್ಲೂ ಆಗ್ತದೆ. ವಾಮದಪದವು ದಾಟಿದ ಕೂಡ್ಲೆ ಶುರು. ಎದುರು ಗಾಡಿ ಬಾರದಿರ್ಲಿ, ಎದುರು ಗಾಡಿ ಬಾರದಿರ್ಲಿ ಅಂತ ಹೇಳ್ತಾ ಹೋಗುದು. ಇವತ್ತು ಬಂತು.” ಆಮೇಲೆ ಹೇಳಿದರು, “ಬರುವ ಸೋಮವಾರ ನಾನೇ ಹೇಳ್ತೇನೆ. ನೀನು ಬಾ. ಮಾತಾಡ್ಬೇಡ, ಪಕ್ಕದಲ್ಲಿ ನಿಲ್ಲು.”

ಸೋಮವಾರದ ಮೊದಲು ಶುಕ್ರವಾರ, ಶನಿವಾರ ಎರಡು ದಿನದ ಓಟ ಇತ್ತು. ಅದಕ್ಕೆ ಏನಾದರೂ ಮಾಡಬೇಕಿತ್ತು. ಚಡಾವಿನಲ್ಲಿ ನಿಲ್ಲಲೇಬಾರದು. ಲಲಿತಕ್ಕನ ಹತ್ತಿರ ಹೋದೆ. ಬೈಗುಳ ತಿನ್ನಲು ತಯಾರಾಗಿಯೇ ಹೋದೆ. “ಲಲಿತಕ್ಕ, ಚಡಾವಿನಲ್ಲಿ ನಿಲ್ಲಿಸ್ಲಿಕ್ಕೆ ಬಸ್ಸಿಗೆ ಕಷ್ಟ ಉಂಟು. ನಿಮಗೆ ಎಲ್ಲಿ ಇಳಿದ್ರೆ ಆಗ್ತದೆ?”

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಕೆಳಗೆ ಹಾಲಿನ ಸೊಸೈಟಿ ಹತ್ರ ನಿಲ್ಲಿಸಿ. ನಮ್ಮ ಮನೆಗೆ ಅಲ್ಲಿಂದ ಕಾಲುದಾರಿ ಉಂಟು. ಪಾಲೆಮರದಲ್ಲಿ ಇಳಿದ್ರೆ ನಾನು ಪುನಃ ಕೆಳಗೆ ಬರುದು.”

“ಮತ್ತೆ ಇಷ್ಟು ವರ್ಷ ಪಾಲೆಮರ, ಪಾಲೆಮರ ಅಂತ ಬೊಬ್ಬೆ ಹಾಕಿದ್ದು?”

“ನೀವು ಅಲ್ಲಿ ನಿಲ್ಲಿಸ್ತಿದ್ರಿ. ಅದಕ್ಕೆ ಅಲ್ಲಿ ಇಳೀತಿದ್ದೆ. ಎಲ್ಲಿ ಬೇಕು ಅಂತ ಯಾವಾಗ ಕೇಳಿದ್ದೀರಿ ಮಾರಾಯ್ರೆ?”

ಉಳಿದವರಲ್ಲಿ ಇಬ್ಬರಿಗೆ ಮೇಲಿನ ಸಮ ಜಾಗವೇ ಹತ್ತಿರ. ಒಬ್ಬರು ಮಾತ್ರ ಬೈದರು. ಎರಡು ದಿನ ಬಸ್ಸು ಚಡಾವಿನಲ್ಲಿ ನಿಲ್ಲಲಿಲ್ಲ. ಚಡಾವಿನ ಬುಡದಲ್ಲಿ ನಾನು ಇಳಿದು, ಮೇಲೆ ನೋಡಿ, ಎದುರು ಗಾಡಿ ಇಲ್ಲ ಎಂದು ಖಾತ್ರಿ ಮಾಡಿ ವಿಸಿಲ್ ಹಾಕುತ್ತಿದ್ದೆ. ಆದರೂ ಆ ಎರಡು ದಿನ ನನಗೆ ಎರಡು ತಿಂಗಳು. ಇಷ್ಟಾದ ಮೇಲೆ ಅವತ್ತೇ ಅವರನ್ನು ಸೀಟಿನಿಂದ ಇಳಿಸಬೇಕಿತ್ತು ಎಂದು ಈಗ ಅನಿಸುತ್ತದೆ. ಸೋಮವಾರಕ್ಕೆ ಒಪ್ಪಿದ್ದು ನನ್ನ ತಪ್ಪು. ಏನೂ ಆಗಲಿಲ್ಲ ಎಂಬುದು ಅದನ್ನು ಸರಿ ಮಾಡುವುದಿಲ್ಲ.

ಸೋಮವಾರ ಬೆಳಿಗ್ಗೆ ಶೆಡ್ಡಿನಲ್ಲಿ ಧಣಿಗಳ ಮುಂದೆ ನಿಂತೆವು. ಗಿರಿಯಣ್ಣ ಎಲ್ಲ ಹೇಳಿದರು. ಸ್ಕೂಟರನ್ನೂ ಬಿಡಲಿಲ್ಲ. ಧಣಿಗಳು ಸಣ್ಣ ಸ್ವರದ ಮನುಷ್ಯ, ಜೋರು ಮಾಡಿದ್ದನ್ನು ನಾನು ಕೇಳಿಲ್ಲ.

“ಯಾವಾಗಿಂದ?” ಎಂದರು.

“ಒಂದು ವರ್ಷ ಆಯ್ತು.”

“ಒಂದು ವರ್ಷ” ಎಂದು ಅವರು ತಮಗೇ ಹೇಳಿಕೊಂಡರು. ಕೈ ಚಾಚಿದರು. ಗಿರಿಯಣ್ಣ ಕೀ ಕೊಟ್ಟರು. “ಕಾಲು ತೋರಿಸಿ, ಸರಿಯಾದ ಮೇಲೆ ಬನ್ನಿ. ನೋಡುವ.”

ನಮ್ಮ ಊರಿನಲ್ಲಿ ನೋಡುವ ಎಂದರೆ ಇಲ್ಲ ಎಂದೇ, ಅದು ಎಲ್ಲರಿಗೂ ಗೊತ್ತು. ಧಣಿಗಳನ್ನು ನಾನು ದೂರುವುದಿಲ್ಲ. ಅವರ ಜಾಗದಲ್ಲಿ ಇದ್ದಿದ್ದರೆ ನಾನೂ ಕೈ ಚಾಚುತ್ತಿದ್ದೆ. ಹೊರಗೆ ಬಂದಾಗ ಗಿರಿಯಣ್ಣ ಚಪ್ಪಲಿ ಹಾಕಿಕೊಳ್ಳುತ್ತ, ನನ್ನನ್ನು ನೋಡದೆ ಹೇಳಿದರು, “ನೀನು ಕೇಳದಿದ್ರೆ ನಾನು ಇವತ್ತೂ ಓಡಿಸ್ತಿದ್ದೆ.” ಕಾಲು ಎಳೆಯುತ್ತ ಬಸ್ ಸ್ಟ್ಯಾಂಡಿನ ಕಡೆ ಹೋದರು. ನನಗೆ ಟ್ರಿಪ್ಪಿಗೆ ಹೊತ್ತಾಗಿತ್ತು. ಹೊಸ ಡ್ರೈವರ್ ಬಂದಿದ್ದ.

ಅವರ ಆ ಮಾತು ನನ್ನನ್ನು ಮೂರು ವಾರ ಬಿಡಲಿಲ್ಲ. ಟಿಕೆಟ್ ಹರಿಯುವಾಗ, ಊಟಕ್ಕೆ ಕೂತಾಗ, ಅದೇ. ಅದು ಬೈಗುಳವಾ? ಒಬ್ಬ ಮನುಷ್ಯನ ಕೆಲಸ ತೆಗೆಸಿದವ ನಾನಾ? ಪ್ರೀತಿಯಿಂದ ಕೇಳಿದೆ ಎಂದು ನಾನು ಎಣಿಸಿದ್ದು, ಅವರ ಕಡೆಯಿಂದ ನೋಡಿದರೆ ಬಲೆ ಹಾಕಿದ ಹಾಗೆ ಕಾಣುತ್ತದಾ? ಫೋನ್ ಮಾಡಿದೆ, ಎತ್ತಲಿಲ್ಲ. ನಾನು ಪುನಃ ಕತೆ ಕಟ್ಟಲು ಶುರು ಮಾಡಿದ್ದೇನೆ ಎಂದು ನನಗೇ ಗೊತ್ತಾಯಿತು. ಹೋಗಿ ಕೇಳುವುದೊಂದೇ ದಾರಿ.

ಅದರ ನಂತರ ಲೈನಿನಲ್ಲಿ ಏನೇನೋ ಬದಲಾಯಿತು, ಅದನ್ನೂ ಒಂದು ಮಾತು ಹೇಳುತ್ತೇನೆ. ಟಿಕೆಟ್ ಪುಸ್ತಕ ಹೋಗಿ ಮೆಷಿನ್ ಬಂತು. ವಿಸಿಲ್ ಹೋಗಿ ಬೆಲ್ಲು ಬಂತು. ಟೈಮಿನ ಜಗಳ ಸ್ಟ್ಯಾಂಡಿನಿಂದ ವಾಟ್ಸಾಪಿಗೆ ಹೋಯಿತು. ಈಗ ಕಂಡಕ್ಟರುಗಳು ಒಬ್ಬರ ಮುಖ ಒಬ್ಬರು ನೋಡದೆ, ಅರ್ಧ ನಿಮಿಷದ ವಾಯ್ಸ್ ಕಳಿಸಿ ಬೈಯುತ್ತಾರೆ. ಉತ್ತರಕ್ಕೆ ಇನ್ನೊಂದು ವಾಯ್ಸ್. ಮೊದಲು ಅಂಗಿ ಹಿಡಿಯುತ್ತಿದ್ದೆವು, ಅದು ಒಳ್ಳೆಯದೆಂದು ನಾನು ಹೇಳುವುದಿಲ್ಲ. ಆದರೆ ಅಂಗಿ ಹಿಡಿದಾಗ ಎದುರಿನವ ನಡುಗುತ್ತಿದ್ದಾನೆ ಎಂಬುದು ಕೈಗೆ ಗೊತ್ತಾಗುತ್ತಿತ್ತು. ಮೆಷಿನ್ ಹಿಡಿದು ಬರುವ ನೀವು ಇದನ್ನು ಓದುತ್ತಿದ್ದರೆ, ನಿಮ್ಮ ಡ್ರೈವರ್ ಎರಡು ದಿನ ಮಾತಾಡದಿದ್ದರೆ ಮೂರನೇ ದಿನ ಕಾಯಬೇಡಿ. ಹೋಗಿ ಬಾನೆಟ್ಟಿನ ಮೇಲೆ ಕೂತುಕೊಳ್ಳಿ. ಉತ್ತರ ನಿಮಗೆ ಬೇಕಾದದ್ದೇ ಆಗಿರುತ್ತದೆ ಎಂದು ಮಾತ್ರ ಎಣಿಸಬೇಡಿ. ಕೇಳಿದ ಮೇಲೆ ಸುಲಭ ಆಗುತ್ತದೆ ಎಂದೂ ಎಣಿಸಬೇಡಿ.

ಗಿರಿಯಣ್ಣನ ಮನೆ ಮಿಜಾರಿನಲ್ಲಿ. ಮೊದಲ ಆದಿತ್ಯವಾರ ಹೋದಾಗ ಅವರ ಹೆಂಡತಿ ಸುಂದರಕ್ಕ ಹೊರಗೆ ಬಂದು, “ಅವರು ಇಲ್ಲ” ಎಂದರು. ಗಿರಿಯಣ್ಣನ ಚಪ್ಪಲಿ ಮೆಟ್ಟಿಲಿನಲ್ಲೇ ಇತ್ತು. ಸುಂದರಕ್ಕ ಚಪ್ಪಲಿ ನೋಡಿದರು, ನಾನೂ ನೋಡಿದೆ. “ಆಯ್ತು ಅಕ್ಕ” ಎಂದು ಮುಂದಿನ ಬಸ್ಸು ಹಿಡಿದೆ. ಎರಡನೇ ಆದಿತ್ಯವಾರವೂ ಅವರು ಇರಲಿಲ್ಲ, ಚಪ್ಪಲಿ ಇತ್ತು. ಆದರೆ ಸುಂದರಕ್ಕ ನೀರು, ಬೆಲ್ಲ ತಂದು ಜಗಲಿಯಲ್ಲಿ ಇಟ್ಟರು. ಒಳಗಿನಿಂದ ಯಾರೋ ಕೆಮ್ಮಿದರು. ನಾನು ಬೆಲ್ಲ ತಿಂದು ನೀರು ಕುಡಿದು ಬಂದೆ.

ಮೂರನೇ ಆದಿತ್ಯವಾರ ಅವರೇ ಬಾಗಿಲಿಗೆ ಬಂದರು. ಒಂದು ಕೈ ಬಾಗಿಲಿನ ದಾರಂದದ ಮೇಲೆ, ಭಾರವೆಲ್ಲ ಬಲಗಾಲಿನ ಮೇಲೆ. ಗಡ್ಡ ಬಿಟ್ಟಿದ್ದರು.

“ಎಂತ, ನಿನಗೆ ರಜೆಯಲ್ಲಿ ಬೇರೆ ಕೆಲಸ ಇಲ್ವಾ?”

“ಒಂದು ಕೇಳ್ಲಿಕ್ಕುಂಟು.”

“ನಿನ್ನದು ಕೇಳಿ ಮುಗೀಲಿಲ್ವಾ ಇನ್ನೂ?”

“ಆ ದಿನ ಶೆಡ್ಡಿನ ಹೊರಗೆ ಹೇಳಿದ್ರಲ್ಲ, ನಾನು ಕೇಳದಿದ್ರೆ ಓಡಿಸ್ತಿದ್ದೆ ಅಂತ. ಅದು ನನಗೆ ಬೈದದ್ದಾ?”

ಅವರು ತಡ ಮಾಡಲಿಲ್ಲ. “ಹೌದು. ಆ ದಿನ ಬೈದದ್ದೇ.”

“ಈಗ?”

“ಈಗ ನಿಂತು ನಿಂತು ಕಾಲು ನೋಯ್ತದೆ. ಒಳಗೆ ಬಾ.”

ಒಳಗೆ ಹೋದೆ. ಆಮೇಲಿನ ವರ್ಷ ಅವರ ಕಾಲಿನ ಆಪರೇಷನ್ ಆಯಿತು. ಬಸ್ಸು ಮತ್ತೆ ಓಡಿಸಲಿಲ್ಲ. ಅದರ ಬೇಸರ ಅವರಿಗೆ ಹೋಗಿಲ್ಲ. ಕೆಲವು ಆದಿತ್ಯವಾರ ಅದು ನನ್ನ ಮೇಲೆ ಬರುತ್ತದೆ. ಎಲ್ಲಿಂದ ಬಂತು ಎಂದು ಕೇಳುತ್ತೇನೆ. ಕೆಲವು ಸಲ ಹೇಳುತ್ತಾರೆ.

ನಾನು ಕೆಲಸ ಬಿಟ್ಟು ಎರಡು ವರ್ಷ ಆಯಿತು. ಪೆನ್ಶನ್ ಇಲ್ಲ. ವಾಮದಪದವಿನಲ್ಲಿ ಹತ್ತು ಸೆಂಟ್ಸ್ ಜಾಗ, ಅದರಲ್ಲಿ ಒಂದು ಮನೆ. ಹೆಂಡತಿ. ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು, ಮೂವರು ಮೊಮ್ಮಕ್ಕಳು. ಬಿ.ಪಿ.ಗೆ ದಿನಕ್ಕೆ ಎರಡು ಮಾತ್ರೆ. ನಾನಿದ್ದ ಬಸ್ಸಿನಡಿ ಬಿದ್ದವರು ಒಬ್ಬರೂ ಇಲ್ಲ. ಲೈನಿನಿಂದ ಉಳಿದ ಸ್ನೇಹಿತ ಒಬ್ಬರು, ಮಿಜಾರಿನಲ್ಲಿ.